ಮೊದಲು ಕೈ ಬೀಸಿ, ಆಮೇಲೆ ಕ್ಯಾಮೆರಾ ತೆಗೆಯಿರಿ

ಅಮೆರಿಕದ ನಾರ್ತ್ ಕೆರೊಲೈನಾದ ಶಾರ್ಲಟ್‌ನಲ್ಲಿ ನಮ್ಮ ಕನ್ನಡದವರು ಸೇರಿದ್ದಾಗ, ಇಲ್ಲಿನ ಬೆಟ್ಟಗಳಲ್ಲಿ ಫೋಟೋ ತೆಗೆಯುವ ಬಗ್ಗೆ ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಅವತ್ತು ಪರದೆ ಮೇಲೆ ಫೋಟೋ ಇತ್ತು, ಇಲ್ಲಿ ಇಲ್ಲ. ಹಾಗಾಗಿ ಅಲ್ಲಲ್ಲಿ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ. ಮಧ್ಯದಲ್ಲಿ ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೆಸರಿನಿಂದಲೇ ಶುರು ಮಾಡ್ತೀನಿ. ಅಮೆರಿಕದ ಪೂರ್ವ ಭಾಗದ ಉದ್ದಕ್ಕೂ ಇರುವ ಈ ಬೆಟ್ಟಗಳನ್ನು ನೀವು ಏನಂತ ಕರೀತೀರಿ? ಹಿಂದಿನ ಸಾಲಿನಿಂದ 'ಅಪಲೇಶಿಯಾ' ಅಂತ ಕೇಳಿಸಿತು. ನಾನೂ ಹಾಗೇ ಅನ್ನುತ್ತಿದ್ದೆ. ವೆಸ್ಟ್ ವರ್ಜೀನಿಯಾದ ಒಂದು ಪೆಟ್ರೋಲ್ ಬಂಕಿನಲ್ಲಿ ಕಾಫಿ ಕೊಡುತ್ತಿದ್ದ ಹೆಂಗಸು ನಕ್ಕು ತಿದ್ದಿದರು, 'ಆಪಲ್ಯಾಚಾ, ಲ್ಯಾಚ್ ಅನ್ನೋದು ಮುಖ್ಯ' ಅಂತ. ಉತ್ತರದ ಊರುಗಳಲ್ಲಿ ಬೇರೆ ತರ ಅನ್ನುವವರೂ ಇದ್ದಾರೆ, ಆದರೆ ದಕ್ಷಿಣದ ಈ ಬೆಟ್ಟಗಳಲ್ಲಿ ನೀವು 'ಲೇಶ' ಅಂದ ತಕ್ಷಣ ಹೊರಗಿನವರು ಅಂತ ಗೊತ್ತಾಗುತ್ತದೆ. ನಮ್ಮ ಕಡೆ ಯಾರಾದರೂ ಬಂದು 'ಶಿಮೋಗಾ' ಅಂದರೆ ನಮಗೆ ಗೊತ್ತಾಗಲ್ವಾ, ಹಾಗೆ.

ನಾನು ಸಾಗರದ ಕಡೆಯವಳು. ಮಳೆ, ಇಂಬಳ, ಅಬ್ಬಿ, ಮಂಜು ಇವೆಲ್ಲ ಹುಟ್ಟಿನಿಂದ ಇದ್ದವು. ಶಾರ್ಲಟ್‌ಗೆ ಬಂದ ಮೇಲೆ ಮೊದಲ ಎರಡು ವರ್ಷ ನನಗೆ ಕಾಣಿಸಿದ್ದು ಪಾರ್ಕಿಂಗ್ ಜಾಗ ಮತ್ತು ಹೆದ್ದಾರಿ ಅಷ್ಟೇ. ಆಮೇಲೆ ಒಂದು ಶನಿವಾರ ನಮ್ಮ ಮನೆಯವರು ಪಶ್ಚಿಮದ ಕಡೆ ಎರಡು ಗಂಟೆ ಗಾಡಿ ಓಡಿಸಿದರು. ತಿರುವು ಬಂತು, ಕಿಟಕಿ ಇಳಿಸಿದೆ, ಹಸಿ ಎಲೆಯ ವಾಸನೆ ಬಂತು. ನಾನು ಸುಮ್ನೆ ಕೂತಿದ್ದೆ, ಅವರೇ 'ಆಗುಂಬೆ ಅಲ್ವಾ?' ಅಂದರು.

ಆಗುಂಬೆ ಅಲ್ಲ, ಅದು ಬೇಗ ಗೊತ್ತಾಯ್ತು. ಈ ಬೆಟ್ಟಗಳು ಏಳೋಕೆ ಶುರುವಾಗಿ ಸುಮಾರು 48 ಕೋಟಿ ವರ್ಷ ಆಗಿದೆಯಂತೆ. ಹಿಮಾಲಯಕ್ಕೆ ಹೋಲಿಸಿದರೆ ಅಜ್ಜ, ಮುತ್ತಜ್ಜ. ಸವೆದು ಸವೆದು ದುಂಡಗಾಗಿವೆ. ಹಿಮ ಹೊತ್ತ ಚೂಪು ಶಿಖರ ಬೇಕು ಅಂತ ಬಂದವರಿಗೆ ಬೇಜಾರಾಗುತ್ತದೆ. ಇಲ್ಲಿನ ಚಂದ ಎತ್ತರದಲ್ಲಿ ಇಲ್ಲ, ಸಾಲಿನಲ್ಲಿದೆ. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಕೊನೆಗೆ ಆಕಾಶ ಯಾವುದು ಬೆಟ್ಟ ಯಾವುದು ಅಂತ ತಿಳಿಯದ ಹಾಗೆ ನೀಲಿ. ಆ ನೀಲಿಗೆ ಕಾರಣ ಮರಗಳೇ. ಎಲೆಗಳಿಂದ ಹೊರಬರುವ ಒಂದು ಬಗೆಯ ಆವಿ ಗಾಳಿಯಲ್ಲಿ ಸೇರಿ ನೀಲಿ ಬೆಳಕನ್ನು ಚದುರಿಸುತ್ತದೆ. ಇಲ್ಲಿನ ಮೂಲ ನಿವಾಸಿಗಳಾದ ಚೆರೋಕೀ ಜನ ಈ ಸೀಮೆಯನ್ನು ನೀಲಿ ಹೊಗೆಯ ಜಾಗ ಅಂತಲೇ ಕರೆದಿದ್ದರು.

ಈ ಸಾಲುಗಳನ್ನು ತೆಗೆಯುವಾಗ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಅಷ್ಟು ದೊಡ್ಡ ನೋಟ ಅಂತ ಅಗಲದ ಲೆನ್ಸ್ ಹಾಕಿದೆ. ಮನೆಗೆ ಬಂದು ನೋಡಿದರೆ ಮುಕ್ಕಾಲು ಭಾಗ ಖಾಲಿ ಆಕಾಶ, ಕೆಳಗೆ ಒಂದು ತೆಳ್ಳನೆ ಗೆರೆ. ಬೆಟ್ಟದ ಸಾಲಿಗೆ ಉದ್ದದ ಲೆನ್ಸ್ ಬೇಕು, ಇನ್ನೂರು ಮಿಲಿಮೀಟರ್ ಆದರೂ. ಅದು ದೂರದ ಸಾಲುಗಳನ್ನು ಹತ್ತಿರ ಎಳೆದು, ಸೀರೆ ಮಡಿಚಿಟ್ಟ ಹಾಗೆ ಒಂದರ ಮೇಲೊಂದು ಇಡುತ್ತದೆ. ಹಿಂದಿನ ದಿನ ಮಳೆ ಬಂದು, ರಾತ್ರಿ ಆಕಾಶ ಬಿಚ್ಚಿ ತಣ್ಣಗಾಗಿದ್ದರೆ ಬೆಳಿಗ್ಗೆ ಕಣಿವೆಯಲ್ಲೆಲ್ಲ ಮಂಜು ತುಂಬಿರುತ್ತದೆ. ಅಂಥ ದಿನ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ನೀವು ಮಂಜಿಗಿಂತ ಮೇಲಿರಬೇಕು. ಅಂದರೆ ಮೂರು ಗಂಟೆಗೆ ಏಳಬೇಕು. ಇದಕ್ಕೆ ಬೇರೆ ಯಾವ ಉಪಾಯವೂ ಇಲ್ಲ, ನಾನು ಹುಡುಕಿ ನೋಡಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಬೇಸಿಗೆಯಲ್ಲಿ ಎಸಿ ಕಾರಿನಿಂದ ಇಳಿದು ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ಬೆವರು ಕಟ್ಟುತ್ತದೆ. ಒರೆಸಿದಷ್ಟೂ ಬರುತ್ತದೆ. ಸೂರ್ಯ ನಿಮಗೋಸ್ಕರ ಕಾಯಲ್ಲ. ಬ್ಯಾಗನ್ನು ಡಿಕ್ಕಿಯಲ್ಲಿಡಿ, ತಲುಪುವ ಇಪ್ಪತ್ತು ನಿಮಿಷ ಮೊದಲು ಎಸಿ ಆರಿಸಿ ಕಿಟಕಿ ಇಳಿಸಿ.

ಅಬ್ಬಿಗಳ ವಿಷಯದಲ್ಲಿ ಮಾತ್ರ ನಾವು ಮಲೆನಾಡಿನವರು ಸ್ವಲ್ಪ ಜಂಬ ಪಡಬಹುದು. ಇಲ್ಲಿನವರು ಬಿಸಿಲು ನೋಡಿ ಹೊರಡುತ್ತಾರೆ, ನಾವು ಮೋಡ ನೋಡಿ ಹೊರಡಬೇಕು. ಕಾಡಿನೊಳಗಿನ ನೀರಿನ ಮೇಲೆ ಬಿಸಿಲು ಬಿದ್ದರೆ ಒಂದು ಕಡೆ ಸುಣ್ಣ ಬಳಿದ ಹಾಗೆ ಬಿಳಿ, ಇನ್ನೊಂದು ಕಡೆ ಕಪ್ಪು. ತುಂತುರು ಮಳೆಯಲ್ಲಿ ಎಲೆಯ ಹಸಿರು, ಪಾಚಿ, ಕಲ್ಲು ಎಲ್ಲ ಒಂದೇ ಹದದಲ್ಲಿ ಸಿಗುತ್ತವೆ. ಒದ್ದೆ ಎಲೆಯ ಹೊಳಪು ತೆಗೆಯೋಕೆ ಪೋಲರೈಸರ್ ಅನ್ನುವ ಒಂದು ಫಿಲ್ಟರ್, ಅಲುಗದ ಟ್ರೈಪಾಡ್, ಶಟರ್ ತೆರೆದಿರಬೇಕಾದ್ದು ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್. ಅದಕ್ಕಿಂತ ಉದ್ದ ಬಿಟ್ಟರೆ ನೀರು ಹತ್ತಿ ಹಾಸಿಗೆ ಆಗುತ್ತದೆ. ಕೆಲವರಿಗೆ ಅದೇ ಇಷ್ಟ. ನನಗಲ್ಲ, ನೀರಿಗೆ ನರ ಇರಬೇಕು.

ವೆಸ್ಟ್ ವರ್ಜೀನಿಯಾದ ಬ್ಲ್ಯಾಕ್‌ವಾಟರ್ ಫಾಲ್ಸ್‌ಗೆ ಹೋದರೆ ನಿಮಗೆ ಡಿಕಾಕ್ಷನ್ ನೆನಪಾಗುತ್ತದೆ. ಸುಮಾರು 57 ಅಡಿ ಎತ್ತರ, ಜೋಗದ ಮುಂದೆ ಮೊಮ್ಮಗು. ಆದರೆ ನೀರು ಕಂದು ಬಣ್ಣ. ಹೆಮ್ಲಾಕ್ ಮತ್ತು ಕೆಂಪು ಸ್ಪ್ರೂಸ್ ಮರಗಳ ಸೂಜಿ ಎಲೆ ಬಿದ್ದು ನೆನೆದು, ಅದರ ಒಗರು ನೀರಿಗೆ ಬಿಟ್ಟುಕೊಂಡ ಬಣ್ಣ ಅದು, ಕೊಳೆ ಅಲ್ಲ. ಕ್ಯಾಮೆರಾವನ್ನು ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ, ಅಂದರೆ ಬಣ್ಣವನ್ನು ತಾನೇ ಹೊಂದಿಸಿಕೊಳ್ಳೋಕೆ, ಬಿಟ್ಟರೆ ಅದು ಬುದ್ಧಿವಂತಿಕೆ ತೋರಿಸಿ ಆ ಕಂದನ್ನು ತೊಳೆದು ಹಾಕುತ್ತದೆ. ಡೇಲೈಟ್‌ಗೆ ಇಟ್ಟುಬಿಡಿ.

ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ಡಾಲಿ ಸಾಡ್ಸ್ ಅಂತ ಒಂದು ಜಾಗ. ಹೆಸರು ಕೇಳಿ ಯಾರೋ ಡಾಲಿ ಅನ್ನೋ ಹೆಂಗಸಿನದು ಅಂದ್ಕೊಂಡಿದ್ದೆ. ಡಾಹ್ಲೆ ಅನ್ನುವ ಜರ್ಮನ್ ಮನೆತನದವರು ದನ ಮೇಯಿಸುತ್ತಿದ್ದ ಜಾಗವಂತೆ. ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಆ ಕಡೆ ಸಾಡ್ಸ್ ಅನ್ನುತ್ತಾರೆ. ಅಲ್ಲಿನ ಸ್ಪ್ರೂಸ್ ಮರಗಳಿಗೆ ಒಂದೇ ಪಕ್ಕ ಕೊಂಬೆ. ಪಶ್ಚಿಮದ ಗಾಳಿ ಎಷ್ಟು ಹೊಡೆಯುತ್ತದೆ ಅಂದರೆ ಆ ಕಡೆ ಕೊಂಬೆ ಬೆಳೆಯುವುದೇ ಇಲ್ಲ, ಮರವೇ ಬಾವುಟದ ಹಾಗೆ ನಿಂತಿರುತ್ತದೆ. ಪೂರ್ವದ ಅಂಚಿನಲ್ಲಿ ಬೇರ್ ರಾಕ್ಸ್ ಅನ್ನುವ ಬಂಡೆಗಳಿವೆ, ಸೂರ್ಯೋದಯಕ್ಕೆ ಅಲ್ಲೇ ಹೋಗಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಬ್ಲೂಬೆರಿ, ಹಕಲ್‌ಬೆರಿ ಪೊದೆಗಳು ಕೆಂಪಾಗುತ್ತವೆ. ಕುಂಕುಮ ಚೆಲ್ಲಿದಂತೆ ಅಂತ ಬರೆಯೋಕೆ ಕೈ ಓಡುತ್ತದೆ, ಆದರೆ ನಿಜವಾಗಿ ಅದು ಒಣಮೆಣಸಿನಕಾಯಿ ಕೆಂಪು.

ಮೊದಲ ಸಲ ಹೋದಾಗ 'ಆಹಾ, ಎಂಥ ಬಯಲು, ದೇವರೇ ಮಾಡಿಟ್ಟಿದ್ದು' ಅಂತ ನೂರಾರು ಫೋಟೋ ತೆಗೆದೆ. ಆಮೇಲೆ ಓದಿದೆ. ಅಲ್ಲಿ ದಟ್ಟವಾದ ಸ್ಪ್ರೂಸ್ ಕಾಡಿತ್ತು. ರೈಲು ಬಂತು, ಮರದ ಕಂಪನಿಗಳು ಬಂದವು, ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ಎಲ್ಲ ಕಡಿದಾಗಿತ್ತು. ಉಳಿದ ಒಣ ರೆಂಬೆಗೆ ಬೆಂಕಿ ಬಿತ್ತು, ಸಾವಿರಾರು ವರ್ಷದಿಂದ ಕೂಡಿದ್ದ ಎಲೆಗೊಬ್ಬರದ ಮಣ್ಣೇ ಸುಟ್ಟುಹೋಗಿ ಕೆಲವು ಕಡೆ ಬರೀ ಬಂಡೆ ಉಳಿಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದವರು ಅಲ್ಲಿ ಫಿರಂಗಿ ಅಭ್ಯಾಸ ಮಾಡಿದರು. ಸಿಡಿಯದ ಗುಂಡು ಕಂಡರೆ ಮುಟ್ಟಬೇಡಿ ಅನ್ನುವ ಫಲಕ ಈಗಲೂ ಇದೆ. ನನ್ನ ಆ ನೂರಾರು ಫೋಟೋ ಈಗಲೂ ಚೆನ್ನಾಗಿಯೇ ಇವೆ, ಆದರೆ ಆ 'ಆಹಾ' ಈಗ ಬರಲ್ಲ, ಬೇರೆ ಏನೋ ಬರುತ್ತದೆ.

ಡಾಲಿ ಸಾಡ್ಸ್‌ಗೆ ಹೋಗುವ ದಾರಿ ಜಲ್ಲಿ ರಸ್ತೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಫೋನಿನಲ್ಲಿ ಸಿಗ್ನಲ್ ಇರಲ್ಲ. ಗುಡ್ಡಗಳು ಅಡ್ಡ ಇರುವುದು ಮುಖ್ಯ ಕಾರಣ, ಜೊತೆಗೆ ಆ ಸೀಮೆ ರೇಡಿಯೋ ಮೌನ ವಲಯದೊಳಗೆ ಬರುತ್ತದೆ. ದಕ್ಷಿಣಕ್ಕೆ ಗ್ರೀನ್ ಬ್ಯಾಂಕ್ ಅನ್ನುವ ಹಳ್ಳಿಯಲ್ಲಿ 100 ಮೀಟರ್ ಅಗಲದ ರೇಡಿಯೋ ದೂರದರ್ಶಕ ಇದೆ. ಅಲ್ಲಿನ ಖಗೋಳ ಕೆಲಸಕ್ಕೆ ತೊಂದರೆ ಆಗಬಾರದು ಅಂತ 1958ರಲ್ಲಿ ಸುಮಾರು 13,000 ಚದರ ಮೈಲಿಗೆ ಈ ನಿಯಮ ಮಾಡಿದರು. ಗ್ರೀನ್ ಬ್ಯಾಂಕಿನ ಹತ್ತಿರ ಬಿಗಿ ಜಾಸ್ತಿ, ದೂರ ಹೋದ ಹಾಗೆ ಸಡಿಲ. ಫೋನನ್ನೇ ನಂಬಿ ಹೋಗಿದ್ದ ನಾನು ಒಂದು ಕವಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಪಿಕಪ್‌ನಲ್ಲಿ ಬಂದ ಅಜ್ಜ ಒಬ್ಬರು ಗಾಡಿ ನಿಲ್ಲಿಸಿ, ಏನು ಎತ್ತ ಕೇಳದೆ, 'ನನ್ನ ಹಿಂದೆ ಬನ್ನಿ' ಅಂದರು. ಆರು ಮೈಲಿ ಅವರ ದಾರಿ ಬಿಟ್ಟು ನಮ್ಮ ದಾರಿಗೆ ಬಂದು ಬಿಟ್ಟು ಹೋದರು. ಈಗ ನನ್ನ ಬ್ಯಾಗಿನಲ್ಲಿ ಕಾಗದದ ನಕ್ಷೆ ಇರುತ್ತದೆ. ಮಗ ನಗುತ್ತಾನೆ. ನಗಲಿ.

ಈಗ ಒಬ್ಬ ಮನುಷ್ಯನ ಬಗ್ಗೆ ಹೇಳಬೇಕು. ಇವನಿಗೋಸ್ಕರವೇ ಈ ಮಾತಿಗೆ ಒಪ್ಪಿಕೊಂಡಿದ್ದು ಅಂದರೂ ಆದೀತು. ಜಾರ್ಜ್ ಮಾಸಾ. ಜಪಾನಿನಿಂದ ಬಂದವನು. 1915ರಲ್ಲಿ ನಾರ್ತ್ ಕೆರೊಲೈನಾದ ಆ್ಯಶ್‌ವಿಲ್‌ಗೆ ಬಂದು ಅಲ್ಲಿನ ದೊಡ್ಡ ಹೋಟೆಲ್ ಒಂದರಲ್ಲಿ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದ. ಆಮೇಲೆ ಅತಿಥಿಗಳ ಸಾಮಾನು ಹೊತ್ತ, ಅವರ ಫೋಟೋ ತೊಳೆದುಕೊಟ್ಟ, ಕೊನೆಗೆ ತಾನೇ ಸ್ಟುಡಿಯೋ ತೆರೆದ. ಸಣ್ಣ ಆಳು. ದೊಡ್ಡ ಮರದ ಕ್ಯಾಮೆರಾ, ಸ್ಟ್ಯಾಂಡು ಹೊತ್ತು ದಾರಿಯೇ ಇಲ್ಲದ ಗುಡ್ಡ ಹತ್ತುತ್ತಿದ್ದ. ಬೆಳಕು ಸರಿಯಾಗುವವರೆಗೆ ಗಂಟೆಗಟ್ಟಲೆ ಕಾಯುತ್ತಿದ್ದ.

ಆದರೆ ನನಗೆ ಅವನು ಇಷ್ಟವಾಗಿದ್ದು ಫೋಟೋಕ್ಕಿಂತ ಹೆಚ್ಚಾಗಿ ಒಂದು ಸೈಕಲ್ ಚಕ್ರಕ್ಕೆ. ಸೈಕಲ್ಲಿನ ಚಕ್ರಕ್ಕೆ ದೂರ ಅಳೆಯುವ ಮೀಟರ್ ಕಟ್ಟಿ, ಅದನ್ನು ತಳ್ಳಿಕೊಂಡು ಕಾಡಿನ ದಾರಿಗಳನ್ನೆಲ್ಲ ಅಳೆದ. ಯಾವ ಗುಡ್ಡಕ್ಕೆ ಊರಿನವರು ಏನು ಹೆಸರು ಕರೆಯುತ್ತಾರೆ, ಚೆರೋಕೀ ಹೆಸರೇನು, ಎಲ್ಲ ಕೇಳಿ ಬರೆದುಕೊಂಡ. ಲೇಖಕ ಹೊರೇಸ್ ಕೆಫಾರ್ಟ್ ಅವನ ಆಪ್ತ ಸ್ನೇಹಿತ. ಇಬ್ಬರೂ ಸೇರಿ ಗ್ರೇಟ್ ಸ್ಮೋಕಿ ಬೆಟ್ಟಗಳು ರಾಷ್ಟ್ರೀಯ ಉದ್ಯಾನ ಆಗಬೇಕು ಅಂತ ಹೋರಾಡಿದರು. ಒಬ್ಬನ ಬರಹ, ಇನ್ನೊಬ್ಬನ ಚಿತ್ರ. ಮರದ ಕಂಪನಿಗಳು ಆ ಬೆಟ್ಟಗಳನ್ನೂ ಬೋಳಿಸುತ್ತಿದ್ದ ಕಾಲ ಅದು. ಕೆಫಾರ್ಟ್ 1931ರಲ್ಲಿ ಕಾರು ಅಪಘಾತದಲ್ಲಿ ಹೋದರು. ಮಾಸಾ 1933ರಲ್ಲಿ, ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡ. ಉದ್ಯಾನ ಆಗಿದ್ದು 1934ರಲ್ಲಿ.

ಆ ಉದ್ಯಾನದಲ್ಲೇ ನ್ಯೂಫೌಂಡ್ ಗ್ಯಾಪ್‌ನಿಂದ ಚಾರ್ಲೀಸ್ ಬನಿಯನ್ ಅನ್ನುವ ಬಂಡೆಯವರೆಗೆ ಒಂದು ಚಾರಣ ಇದೆ, ಹೋಗಿ ಬರಲು ಎಂಟು ಮೈಲಿ. ಜಾರ್ಜಿಯಾದಿಂದ ಮೇನ್‌ವರೆಗೆ ಹೋಗುವ ಆ ಪ್ರಸಿದ್ಧ ಆಪಲ್ಯಾಚಿಯನ್ ಟ್ರೇಲ್‌ನದೇ ಒಂದು ತುಂಡು. ಮರದ ಮೇಲೆ ಎರಡು ಇಂಚು ಅಗಲ, ಆರು ಇಂಚು ಉದ್ದದ ಬಿಳಿ ಪಟ್ಟಿ ನೋಡಿಕೊಂಡು ಹೋದರೆ ದಾರಿ ತಪ್ಪಲ್ಲ. ಬನಿಯನ್ ಅಂದರೆ ನಮ್ಮ ಬನಿಯನ್ ಅಲ್ಲ, ಕಾಲಿನ ಹೆಬ್ಬೆರಳ ಬುಡದಲ್ಲಿ ಏಳುವ ಗಂಟು. ಕೆಫಾರ್ಟ್, ಮಾಸಾ ಜೊತೆ ಹೋಗಿದ್ದ ಸ್ಥಳೀಯ ಮಾರ್ಗದರ್ಶಿ ಚಾರ್ಲಿ ಬೂಟು ಬಿಚ್ಚಿದಾಗ ಕಂಡ ಗಂಟಿನ ಹಾಗೆ ಆ ಬಂಡೆ ಇದೆ ಅಂತ ಆ ಹೆಸರು ಬಂತು ಅನ್ನುವುದು ಕಥೆ. ಆ ದಾರಿಯಲ್ಲೇ, ಕೆಫಾರ್ಟ್ ಬೆಟ್ಟದ ಪಕ್ಕ, ಮಾಸಾ ನಾಬ್ ಅನ್ನುವ ಗುಡ್ಡ ಇದೆ. 1961ರಲ್ಲಿ ಅವನ ಹೆಸರಿಟ್ಟರು. ದೂರದ ದೇಶದಿಂದ ಬಂದು, ಇಲ್ಲಿನ ಗುಡ್ಡಕ್ಕೆ ಹೆಸರು ಹುಡುಕುತ್ತಾ ಅಲೆದವನ ಹೆಸರೇ ಒಂದು ಗುಡ್ಡಕ್ಕೆ. ನಾನು ಅಲ್ಲಿ ನಿಂತು ಚಿತ್ರಾನ್ನದ ಡಬ್ಬ ತೆಗೆದೆ. ಫೋಟೋ ಅಷ್ಟೇನೂ ಬರಲಿಲ್ಲ, ಮೋಡ ಕವಿದಿತ್ತು.

ಮುಂದಿನ ಚಿತ್ರ ವೆಸ್ಟ್ ವರ್ಜೀನಿಯಾದ ನ್ಯೂ ರಿವರ್ ಕೊಳ್ಳದ್ದು. ಇಲ್ಲಿಂದ ಉತ್ತರಕ್ಕೆ ಸುಮಾರು ಮೂರು ಗಂಟೆ ದಾರಿ. ಹೆಸರು ಹೊಸ ನದಿ, ಆದರೆ ಈ ಖಂಡದ ತುಂಬಾ ಹಳೆಯ ನದಿಗಳಲ್ಲಿ ಒಂದು. 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಅಲ್ಲಿನ ಸೇತುವೆ 1977ರದ್ದು, ನೀರಿನಿಂದ 876 ಅಡಿ ಮೇಲೆ. ತುಕ್ಕು ಹಿಡಿದಂತೆ ಕಾಣುವ ಉಕ್ಕು. ಮೇಲಿನ ಆ ಪದರವೇ ಒಳಗಿನದನ್ನು ಕಾಯುತ್ತದೆ, ಹಾಗಾಗಿ ಬಣ್ಣ ಬಳಿಯುವ ಕೆಲಸ ಇಲ್ಲ. ಅಕ್ಟೋಬರ್‌ನಲ್ಲಿ ಎಲೆ ಬಣ್ಣ ತಿರುಗಿದಾಗ ಸೇತುವೆಯೂ ಕಾಡಿನದೇ ಬಣ್ಣ. ಸೇತುವೆ ಮೇಲಿಂದ ಸೇತುವೆ ಕಾಣಲ್ಲ ಅನ್ನೋದು ಗೊತ್ತಿರುವ ವಿಷಯವೇ, ಆದರೂ ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ. ಲಾಂಗ್ ಪಾಯಿಂಟ್ ಅನ್ನುವ ದಾರಿ ಹಿಡಿಯಿರಿ. ಹೋಗಿ ಬರಲು ಐದು ಕಿಲೋಮೀಟರ್, ಹೆಚ್ಚಾಗಿ ಸಮತಟ್ಟು, ಕೊನೆಗೆ ಒಂದು ಬಂಡೆಯ ಮೂಗು. ಅಲ್ಲಿಂದ ಇಡೀ ಕಮಾನು ಸಿಗುತ್ತದೆ. ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ, ತಡೆಗೋಡೆ ಇಲ್ಲ.

ಮಂಡಿ ಗಟ್ಟಿ ಇರುವವರು ಕೇಮೂರ್ ಗಣಿಗೆ ಇಳಿಯಿರಿ. 821 ಮೆಟ್ಟಿಲು. ಇಳಿಯುವಾಗ ಎಣಿಸಿದೆ, ಹತ್ತುವಾಗ ಎಣಿಸುವ ಶಕ್ತಿ ಇರಲಿಲ್ಲ. 1962ರಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿ ಅದು. ಕೆಳಗೆ ಕೋಕ್ ಸುಡುತ್ತಿದ್ದ ಒಲೆಗಳ ಸಾಲು, ಒಳಗಿಂದ ಜರಿಗಿಡ ಬೆಳೆದಿದೆ. ನಾವು ಪಿಕ್ನಿಕ್ ಅಂತ ಹೋಗಿ ಏದುಸಿರು ಬಿಟ್ಟ ಆ ಗುಡ್ಡದಲ್ಲಿ ಜನ ದುಡಿದು, ಸಂಸಾರ ಮಾಡಿ, ಮಕ್ಕಳನ್ನು ಬೆಳೆಸಿದ್ದರು.

ಇದೇ ನದಿಯ ಮೇಲೆ ಹಾಕ್ಸ್ ನೆಸ್ಟ್ ಅನ್ನುವ ನೋಟದ ಜಾಗ ಇದೆ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ, ಎದುರಿಗೆ ಕೊಳ್ಳ, ಕೆಳಗೆ ಅಣೆಕಟ್ಟು. ಚೆಂದದ ಫೋಟೋ. ಸ್ವಲ್ಪ ಗಮನಿಸಿ ನೋಡಿದರೆ ಅಣೆಕಟ್ಟಿನ ಆಚೆ ನದಿಯ ಪಾತ್ರದಲ್ಲಿ ಬರೀ ಬಂಡೆಗಳು. ನೀರೆಲ್ಲಿ? ಬೆಟ್ಟದೊಳಗೆ ಕೊರೆದ ಮೂರು ಮೈಲಿ ಸುರಂಗದಲ್ಲಿ ಹೋಗುತ್ತದೆ, ವಿದ್ಯುತ್ತಿಗೆ. 1930ರಲ್ಲಿ ಆ ಸುರಂಗ ಕೊರೆಯೋಕೆ ಶುರು ಮಾಡಿದರು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ದಕ್ಷಿಣದ ಬಡ ಕಪ್ಪು ಜನ. ಸಿಲಿಕಾ ತುಂಬಿದ ಕಲ್ಲನ್ನು ನೀರು ಹಾಕದೆ ಒಣದಾಗಿ ಕೊರೆಸಿದರು, ಮುಖವಾಡ ಕೊಡಲಿಲ್ಲ. ಗಾಜಿನಂಥ ಧೂಳು ಶ್ವಾಸಕೋಶಕ್ಕೆ ಹೋಗಿ ನೂರಾರು ಜನ ಸತ್ತರು. ಎಷ್ಟೋ ಜನರನ್ನು ಹೆಸರಿಲ್ಲದ ಗುಂಡಿಗಳಲ್ಲಿ ಹೂತರು. ಕೆಲಸ ಯಾವ ಕಂಪನಿಗೋಸ್ಕರ ನಡೆಯಿತು ಗೊತ್ತಾ? ಯೂನಿಯನ್ ಕಾರ್ಬೈಡ್. ಸಭೆಯಲ್ಲಿ ಈ ಹೆಸರು ಹೇಳಿದಾಗ ಹಿರಿಯರೊಬ್ಬರು 'ಭೋಪಾಲ್' ಅಂತ ಮೆಲ್ಲಗೆ ಅಂದರು. ಹೌದು, 1984ರ ಅನಿಲ ದುರಂತದ ಅದೇ ಹೆಸರು. ಈಗ ಆ ನೋಟದ ಜಾಗದಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ ಅನ್ನಲ್ಲ, ನಾನೂ ತೆಗೆದಿದ್ದೇನೆ. ಆ ಒಣ ಬಂಡೆಗಳನ್ನೂ ಚೌಕಟ್ಟಿನೊಳಗೆ ಬಿಡಿ, ಅವನ್ನು ಕತ್ತರಿಸಬೇಡಿ ಅಷ್ಟೇ.

ಇನ್ನು ಜನರ ಫೋಟೋ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು.

ಈ ಬೆಟ್ಟಗಳ ಜನರಿಗೆ ಕ್ಯಾಮೆರಾ ಜೊತೆ ಒಂದು ಹಳೆಯ ಜಗಳ ಇದೆ. 1964ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಜಾನ್ಸನ್ ಕೆಂಟಕಿಯ ಇನೆಜ್ ಹತ್ತಿರ ಕೆಲಸವಿಲ್ಲದ ಒಬ್ಬರ ಮನೆ ಜಗಲಿಯಲ್ಲಿ ಕೂತು ಮಾತಾಡಿದರು. ಬಡತನದ ವಿರುದ್ಧ ಯುದ್ಧ ಸಾರಿದ ಕಾಲ. ಆ ಫೋಟೋ ದೇಶವೆಲ್ಲ ಓಡಾಡಿತು. ಆಮೇಲೆ ಪತ್ರಿಕೆ, ಟೀವಿಯವರು ಸಾಲುಗಟ್ಟಿ ಬಂದರು. ಬಂದವರೆಲ್ಲ ಹುಡುಕಿದ್ದು ಒಂದೇ, ಮುರಿದ ಜಗಲಿ, ಬರಿಗಾಲಿನ ಮಗು. ಪಕ್ಕದ ಮನೆಯ ಗಟ್ಟಿ ಜಗಲಿ, ಶೂ ಹಾಕಿದ ಮಗು ಯಾರಿಗೂ ಬೇಕಾಗಲಿಲ್ಲ. 1967ರಲ್ಲಿ ಕೆನಡಾದ ಚಿತ್ರ ನಿರ್ದೇಶಕ ಹ್ಯೂ ಓಕಾನರ್ ಕೆಂಟಕಿಯ ಲೆಚರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬಾಡಿಗೆ ಮನೆಯ ಮುಂದೆ ಕೂತಿದ್ದ ಒಬ್ಬ ಗಣಿ ಕಾರ್ಮಿಕನನ್ನು, ಅವನ ಒಪ್ಪಿಗೆ ಪಡೆದೇ, ಚಿತ್ರಿಸುತ್ತಿದ್ದರು. ಮನೆಯ ಮಾಲೀಕ ಬಂದೂಕು ಹಿಡಿದು ಬಂದ, ನನ್ನ ಜಾಗದಿಂದ ಹೊರಡಿ ಅಂದ. ಅವರು ಸಾಮಾನು ಹೊತ್ತು ಹೊರಟಿದ್ದರು, ಅಷ್ಟರಲ್ಲಿ ಗುಂಡು ಹಾರಿಸಿದ. ಓಕಾನರ್ ಅಲ್ಲೇ ಸತ್ತರು. ಕೊಲೆ ಕೊಲೆಯೇ, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಆ ಊರಿನಲ್ಲಿ ಕೊಂದವನ ಕಡೆಗೂ ತುಂಬಾ ಜನ ನಿಂತರು ಅನ್ನುವುದನ್ನು ಯೋಚನೆ ಮಾಡಿ. ತಮ್ಮನ್ನು ನಗೆಪಾಟಲು ಮಾಡೋಕೆ ಬರುವವರ ಮೇಲಿನ ಸಿಟ್ಟು ಎಷ್ಟು ಹೆಪ್ಪುಗಟ್ಟಿರಬೇಕು.

ಇದೆಲ್ಲ ಗೊತ್ತಿಲ್ಲದ ಕಾಲದಲ್ಲಿ ನಾನು ಮಾಡಿದ ಕೆಲಸ ಹೇಳ್ತೀನಿ. ವೆಸ್ಟ್ ವರ್ಜೀನಿಯಾದ ಒಂದು ಹಾಲರ್, ಅಂದರೆ ಎರಡು ಗುಡ್ಡದ ನಡುವಿನ ಇಕ್ಕಟ್ಟಾದ ಕಣಿವೆ. ತೊರೆ ಪಕ್ಕ ಮರದ ಮನೆ, ಬಣ್ಣ ಎದ್ದಿದೆ, ಜಗಲಿಯ ಹಗ್ಗದ ಮೇಲೆ ಕೌದಿ. ನಮ್ಮ ಊರಿನ ಕೌದಿಯ ಹಾಗೇ ತುಂಡು ಬಟ್ಟೆ ಸೇರಿಸಿ ಹೊಲಿದದ್ದು. ರಸ್ತೆಯ ಈಚೆ ಗಾಡಿ ನಿಲ್ಲಿಸಿ, ಉದ್ದದ ಲೆನ್ಸ್ ಹಾಕಿ ಎರಡು ಕ್ಲಿಕ್ ಮಾಡಿದೆ. ಬಾಗಿಲು ತೆರೆಯಿತು. ಎಪ್ಪತ್ತೈದು ದಾಟಿದ ಅಜ್ಜಿ.

'ಏನಮ್ಮಾ, ದಾರಿ ತಪ್ಪಿತಾ?'

ನಾನು ಇಲ್ಲ ಅಂದೆ. ಕ್ಯಾಮೆರಾ ಬೆನ್ನ ಹಿಂದೆ ಇಟ್ಟುಕೊಂಡೆ, ಬೆಲ್ಲ ಕದ್ದ ಮಕ್ಕಳ ಹಾಗೆ.

'ನನ್ನ ಮನೆ ಅಷ್ಟು ಪಾಳುಬಿದ್ದ ಹಾಗೆ ಕಾಣಿಸ್ತಾ?'

ಏನು ಹೇಳೋದು? ಹತ್ತಿರ ಹೋಗಿ ಕ್ಯಾಮೆರಾದ ಪರದೆ ತೋರಿಸಿದೆ, ಬೇಡ ಅಂದರೆ ಈಗಲೇ ಅಳಿಸ್ತೀನಿ ಅಂದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿದರು. ನೋಡ್ತಾ ನೋಡ್ತಾ ಮುಖ ಸಡಿಲವಾಯ್ತು. 'ಕಸದ ಡಬ್ಬ ಬಂದಿದೆಯಲ್ಲೇ. ಕೌದಿನೂ ಹಳೇದು, ನಾಯಿ ಮಲಗೋದು ಅದರ ಮೇಲೆ. ಹೇಳಿದ್ರೆ ಒಳ್ಳೇದು ಹಾಕ್ತಿದ್ದೆ.' ಒಳಗೆ ಹೋಗಿ ಅವರ ತಾಯಿ ಹೊಲಿದ ಕೌದಿ ತಂದು ಹರವಿದರು. ಕಸದ ಡಬ್ಬವನ್ನು ನಾನು ಎತ್ತಿಟ್ಟೆ. ಜಗಲಿ ಬೇಡ, ಟೊಮೇಟೊ ಗಿಡದ ಹತ್ತಿರ ನಿಂತ್ಕೋತೀನಿ ಅಂದರು. ಅವತ್ತಿನ ಟೊಮೇಟೊ ಫೋಟೋವನ್ನು ಸಭೆಯಲ್ಲಿ ಪರದೆ ಮೇಲೆ ತೋರಿಸಿದೆ. ಇದು ನನ್ನ ಅತ್ಯುತ್ತಮ ಫೋಟೋ ಅಲ್ಲ, ಮಧ್ಯಾಹ್ನದ ಬಿಸಿಲು, ಕಣ್ಣು ಕಿರಿದಾಗಿವೆ. ಆದರೆ ಇದು ಅವರು ಆರಿಸಿಕೊಂಡ ಫೋಟೋ. ಮೊದಲ ಎರಡನ್ನು ಅವರೆದುರೇ ಅಳಿಸಿದೆ.

ಹೊರಡುವಾಗ ಮನೆ ಹಿಂದಿನ ಕಾಲುದಾರಿ ತೋರಿಸಿದರು. ಅರ್ಧ ಮೈಲಿ ಹೋದರೆ ಒಂದು ಅಬ್ಬಿ. ಯಾವ ನಕ್ಷೆಯಲ್ಲೂ ಇಲ್ಲ.

ಅವತ್ತಿನಿಂದ ನನ್ನ ಕ್ರಮ ಇಷ್ಟು. ಈ ಹಳ್ಳಿ ರಸ್ತೆಗಳಲ್ಲಿ ಎದುರು ಬರುವ ಗಾಡಿಯವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅದು ನಮಸ್ಕಾರ. ನೀವೂ ಎತ್ತಿ. ಜಗಲಿಯಲ್ಲಿ ಯಾರಾದರೂ ಕೂತಿದ್ದರೆ ಕೈ ಬೀಸಿ. ಮಾತಾಡಿ. ಮಳೆ, ನಾಯಿ, ಟೊಮೇಟೊ, ಯಾವುದಾದರೂ. ಕ್ಯಾಮೆರಾ ಆಮೇಲೆ. ಮರದ ಮೇಲೆ ನೇರಳೆ ಬಣ್ಣದ ಪಟ್ಟಿ ಕಂಡರೆ, ಅದು ಚಾರಣದ ಗುರುತಲ್ಲ. ಇಲ್ಲಿನ ಎಷ್ಟೋ ರಾಜ್ಯಗಳಲ್ಲಿ ಅದಕ್ಕೆ 'ಒಳಗೆ ಬರಬೇಡಿ' ಅಂತಲೇ ಅರ್ಥ.

ಫೋಟೋ ಜೊತೆ ಜಾಗದ ಹೆಸರು ಹಾಕಬೇಕಾ ಬೇಡವಾ ಅಂತ ಯಾವಾಗಲೂ ಕೇಳ್ತೀರಿ. ಮ್ಯಾಕ್ಸ್ ಪ್ಯಾಚ್ ಅನ್ನುವ ಬೋಳುಗುಡ್ಡ ಇದೆ, ನಾರ್ತ್ ಕೆರೊಲೈನಾ ಮತ್ತು ಟೆನೆಸಿ ಗಡಿಯಲ್ಲಿ. ನಮ್ಮ ಕುದುರೆಮುಖದ ಹುಲ್ಲುಗುಡ್ಡದ ಹಾಗೆ, ಸುತ್ತಲೂ ಬೆಟ್ಟ. 2020ರ ಸೆಪ್ಟೆಂಬರ್‌ನಲ್ಲಿ ಯಾರೋ ಮೇಲಿಂದ ಫೋಟೋ ತೆಗೆದರು. ಒಂದೇ ರಾತ್ರಿ ನೂರಕ್ಕೂ ಜಾಸ್ತಿ ಡೇರೆ. ಹುಲ್ಲು ತುಳಿದು ಹೋಗಿತ್ತು, ಕಸ, ಬೆಂಕಿ ಗುಂಡಿ. ಮರುವರ್ಷ ಅಲ್ಲಿ ರಾತ್ರಿ ತಂಗುವುದನ್ನು ನಿಲ್ಲಿಸಿದರು. ತಮಾಷೆ ಏನು ಅಂದರೆ ಜನ ಅಲ್ಲಿಗೆ ನುಗ್ಗಿದ್ದು ಫೋಟೋ ನೋಡಿ, ಅದನ್ನು ಬಯಲಿಗೆ ತಂದದ್ದೂ ಒಂದು ಫೋಟೋ. ನಾನು ಮಾಡೋದು ಹೀಗೆ. ಪಾರ್ಕಿಂಗ್, ಶೌಚಾಲಯ, ಕಾವಲು ಇರುವ ದೊಡ್ಡ ಜಾಗಗಳ ಹೆಸರು ಹೇಳ್ತೀನಿ. ಸಣ್ಣ ಜಾಗಕ್ಕೆ ಬರೀ ಕೌಂಟಿ ಹೆಸರು, ಒಮ್ಮೊಮ್ಮೆ ಅದೂ ಇಲ್ಲ.

ತೊರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಫೋಟೋ ತೆಗೆಯುವುದನ್ನು ದಯವಿಟ್ಟು ಬಿಡಿ. ಆ ಚಪ್ಪಟೆ ಕಲ್ಲುಗಳ ಕೆಳಗೆ ಹೆಲ್‌ಬೆಂಡರ್ ಅನ್ನುವ ಜೀವಿ ಮೊಟ್ಟೆ ಇಡುತ್ತದೆ. ಹಲ್ಲಿಯ ಆಕಾರದ, ಕಪ್ಪೆಯ ನೆಂಟ, ಎರಡು ಅಡಿವರೆಗೂ ಬೆಳೆಯುತ್ತದೆ. ಕಲ್ಲು ಎತ್ತಿದರೆ ಅದರ ಸಂಸಾರ ಹೋಯ್ತು.

ಇನ್ನು ಬೇಗ ಬೇಗ. ಇಂಬಳ ಇಲ್ಲ, ಖುಷಿ ಪಡಿ. ಉಣುಗು ಇದೆ, ಹುಷಾರು. 1957ರಲ್ಲಿ ಕ್ಯಾಸನೂರು ಕಾಡಿನಿಂದ ಹೆಸರು ಪಡೆದ ಮಂಗನ ಕಾಯಿಲೆ ಕೇಳಿ ಬೆಳೆದ ನಮಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಲೈಮ್ ಅನ್ನುವ ಬೇರೆ ಕಾಯಿಲೆ ತರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ. ಸೆಪ್ಟೆಂಬರ್, ಅಕ್ಟೋಬರ್‌ನಿಂದ ಜಿಂಕೆ ಬೇಟೆಯ ಕಾಲ, ಕಿತ್ತಳೆ ಬಣ್ಣದ ಟೋಪಿ ಹಾಕಿ, ಚಂದ ಕಾಣದಿದ್ದರೂ ಪರವಾಗಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸುವ ಹಾಗಿಲ್ಲ. 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತ ಪಶ್ಚಿಮ ನಾರ್ತ್ ಕೆರೊಲೈನಾವನ್ನು ಕೊಚ್ಚಿ ಹಾಕಿತು, ಬ್ಲೂ ರಿಜ್ ಪಾರ್ಕ್‌ವೇ ಅನ್ನುವ ಬೆಟ್ಟದ ರಸ್ತೆ ಕೂಡ ಅಲ್ಲಲ್ಲಿ ಕುಸಿಯಿತು, ಹಾಗಾಗಿ ಹೊರಡುವ ಮೊದಲು ಯಾವ ಭಾಗ ತೆರೆದಿದೆ ನೋಡಿಕೊಳ್ಳಿ. ಊಟ? ಸಸ್ಯಾಹಾರಿಗಳಿಗೆ ಹುರುಳಿಕಾಯಿ, ಕಾಳು ಕಂಡರೆ ಆಸೆ ಆಗುತ್ತದೆ, ಅದರಲ್ಲೇ ಹಂದಿಮಾಂಸ ಹಾಕಿ ಬೇಯಿಸಿರುತ್ತಾರೆ. ಕೇಳಿ ತಿನ್ನಿ. ಜೋಳದ ಬ್ರೆಡ್ಡು ನನಗೆ ತುಂಬಾ ಇಷ್ಟ, ಮೇಲೆ ಸ್ವಲ್ಪ ಮಾವಿನಮಿಡಿ ಉಪ್ಪಿನಕಾಯಿ ಇದ್ದರೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಯಾವ ತಿಂಗಳು ಒಳ್ಳೇದು ಅಂತ ಒಬ್ಬರು ಕೇಳಿದರು. ಎಲ್ಲರೂ ಅಕ್ಟೋಬರ್ ಅನ್ನುತ್ತಾರೆ, ನಾನು ಜೂನ್ ಅನ್ನುತ್ತೇನೆ. ಕ್ರ್ಯಾಗಿ ಗಾರ್ಡನ್ಸ್, ರೋನ್ ಬೆಟ್ಟದ ನೆತ್ತಿಯಲ್ಲಿ ಆಗ ರೋಡೊಡೆಂಡ್ರಾನ್ ಹೂವು, ಮಂಜು, ಟ್ರಾಫಿಕ್ ಕಡಿಮೆ. ಫೋನ್ ಸಾಕಾ ಅಂತ ಇನ್ನೊಬ್ಬರು. ಸಾಕು, ಟ್ರೈಪಾಡ್ ಇದ್ದರೆ.

'ಆ ಅಜ್ಜಿ ಮನೆ ಹಿಂದಿನ ಅಬ್ಬಿ ಎಲ್ಲಿ ಬರುತ್ತೆ? ಕೌಂಟಿ ಆದ್ರೂ ಹೇಳಿ' ಅಂತ ಮುಂದಿನ ಸಾಲಿನವರು ಪಟ್ಟು ಹಿಡಿದರು. ಹೇಳಲಿಲ್ಲ. ಫೋಟೋದ ಪ್ರತಿ ಅಂಚೆಯಲ್ಲಿ ಕಳಿಸಿದಾಗ ಅಜ್ಜಿ ಉತ್ತರ ಬರೆದಿದ್ದರು, ಟೊಮೇಟೊ ಚೆನ್ನಾಗಿ ಬಂದಿದೆ, ನಾನು ಸುಮಾರಾಗಿ ಬಂದಿದ್ದೇನೆ, ನಿನ್ನ ಸ್ನೇಹಿತರನ್ನು ಕರ್ಕೊಂಡು ಬಾ, ಬಸ್ಸು ಮಾತ್ರ ತರಬೇಡ ಅಂತ.

ಕೊನೆಗೆ ಎಂಟು ವರ್ಷದ ಹುಡುಗ ಎದ್ದು ನಿಂತ. 'ಆಂಟಿ, ಕರಡಿ ಫೋಟೋ ಇದೆಯಾ?'

ಇದೆ, ಒಂದೇ ಒಂದು. ಕೊನೆಯ ಚಿತ್ರ ಅದೇ ಹಾಕಿದೆ. ಅದು ಪೊದೆಯೊಳಗೆ ಹೋಗ್ತಾ ಇದೆ, ಹಿಂಭಾಗ ಮಾತ್ರ ಕಾಣುತ್ತದೆ, ಫೋಕಸ್ ಕೂಡ ಮುಂದಿನ ಎಲೆಯ ಮೇಲಿದೆ.